ಅರಮನೆಯ ಮೇಲೆ ನೇಗಿಲು

ಇಂಗ್ಲೆಂಡಿನ ಚಿಚೆಸ್ಟರ್ ನಗರದ ಸಮೀಪ ಫಿಶ್‌ಬೋರ್ನ್ ಎಂಬ ಹಳ್ಳಿಯಿದೆ. 1960ರಲ್ಲಿ ಅಲ್ಲಿ ನೀರಿನ ಕೊಳವೆಗಾಗಿ ನೆಲ ಅಗೆಯುತ್ತಿದ್ದಾಗ ರೋಮನ್ ಕಾಲದ ಅವಶೇಷಗಳು ಗೋಚರಿಸಿದವು. ಮರುವರ್ಷದಿಂದ 1968ರವರೆಗೆ ಬ್ಯಾರಿ ಕನ್ಲಿಫ್ ಅವರು ನಡೆಸಿದ ಉತ್ಖನನದಿಂದ, ಕ್ರಿ.ಶ. 75ರ ಸುಮಾರಿಗೆ ಕಟ್ಟಿದ ಭವ್ಯ ಸೌಧವೊಂದು ಬೆಳಕಿಗೆ ಬಂದಿತು.

ಶ್ರೋತೃಗಳೇ, ನಾನಿಂದು ಹೇಳಹೊರಟಿರುವುದು ಆ ಸೌಧದ ವೈಭವವನ್ನಲ್ಲ. ಅದು ಅಳಿದ ಬಳಿಕ ಆ ನೆಲಕ್ಕೆ ಒದಗಿದ ಬಾಳನ್ನು. ಸುಮಾರು 270ರಲ್ಲಿ ಬೆಂಕಿ ಅದನ್ನು ನುಂಗಿತು. ಯಾರೂ ಮರಳಿ ಕಟ್ಟಲಿಲ್ಲ. ಗೋಡೆಯ ಕಲ್ಲುಗಳನ್ನು ಜನ ಕಿತ್ತೊಯ್ದರು. ಕಲ್ಲು ಹೋದ ತಗ್ಗಿನಲ್ಲಿ ತುಂಬಿದ ಮಣ್ಣಿನ ಬಣ್ಣವೇ ಅಲ್ಲಿ ಗೋಡೆಯಿದ್ದುದರ ಗುರುತು. ಕಾಲಾನಂತರದಲ್ಲಿ ಮೇಲೆ ಮಣ್ಣು ಕೂಡಿ ಹೊಲವಾಯಿತು. ಚಿತ್ರಖಚಿತ ನೆಲಗಟ್ಟಿನ ಮೇಲೆ ನೇಗಿಲ ಗೀರುಗಳು ಮೂಡಿದವು.

ಪುರಾತತ್ತ್ವಜ್ಞರ ಸೂತ್ರ ಸರಳ: ಕೊರೆದದ್ದು ಕೊರೆಸಿಕೊಂಡದ್ದಕ್ಕಿಂತ ಈಚಿನದು. ಆದ್ದರಿಂದ ಆ ಗೀರನ್ನು ಬರಿಯ ಹಾನಿಯೆಂದು ಎಣಿಸಲಾಗದು. ಅದೂ ಒಂದು ದಾಖಲೆ. ಮೇಲ್ಪದರವನ್ನು ಅವಸರದಿಂದ ಬಗೆದೆಸೆದರೆ ಅರಮನೆ ಸಿಕ್ಕೀತು, ಒಕ್ಕಲಿಗ ಕಳೆದುಹೋದಾನು. ಸೌಧದ ಒಡೆಯ ಕೊಗಿದುಬ್ನಸ್ ಎಂಬ ಅರಸನಿದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಉತ್ತವನ ಹೆಸರನ್ನು ಊಹಿಸಲೂ ನಾವು ಆರೆವು. ಅವನಿಂದ ನಮಗೆ ಉಳಿದಿರುವುದು ಆ ಗೀರೊಂದೇ.