ಜಾಜ್ ಗಿಟಾರ್ ಕೊಳ್ಳುವವರಿಗೆ: ಕೆತ್ತಿದ ಹಲಗೆಯೋ, ಒತ್ತಿದ ಪದರವೋ?

ಆರ್ಚ್‌ಟಾಪ್ ಎಂದರೆ ಮೇಲ್ಹಲಗೆ ಉಬ್ಬಿರುವ ಗಿಟಾರ್. ಪಿಟೀಲನ್ನು ಹತ್ತಿರದಿಂದ ನೋಡಿದವರಿಗೆ ಇದರ ಮೈಕಟ್ಟು ಹೊಸದೆನಿಸುವುದಿಲ್ಲ. ಅದೇ ಉಬ್ಬು, ಎಫ್ ಅಕ್ಷರದ ಆಕಾರದ ಎರಡು ಸೀಳು, ಅಂಟಿಲ್ಲದೆ ತಂತಿಗಳ ಒತ್ತಡದಿಂದಲೇ ನಿಂತಿರುವ ಕುದುರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಲಮಜೂ ಊರಿನಲ್ಲಿ ಓರ್ವಿಲ್ ಗಿಬ್ಸನ್ ಪಿಟೀಲಿನಂತೆ ಉಬ್ಬು ಕೆತ್ತುವ ವಿದ್ಯೆಯನ್ನು ಮ್ಯಾಂಡೊಲಿನ್ ಮತ್ತು ಗಿಟಾರಿಗೆ ತಂದ. ಅವನ ಹೆಸರಿನ ಕಂಪನಿ 1922ರಲ್ಲಿ ಹೊರತಂದ ಎಲ್-5 ಜಾಜ್ ಗಿಟಾರಿನ ಮಾದರಿಯಾಗಿ ನಿಂತಿತು. ದಪ್ಪ ಸ್ಪ್ರೂಸ್ ಹಲಗೆಯನ್ನು ಉಳಿಯಿಂದ ಕೆತ್ತಿ, ಒಂದೊಂದು ಜಾಗಕ್ಕೆ ಒಂದೊಂದು ದಪ್ಪ ಉಳಿಸಿ ಉಬ್ಬು ತೆಗೆಯುವುದು ತಾಳ್ಮೆ ಬೇಡುವ ಕೆಲಸ. ಅಷ್ಟು ಶ್ರಮಕ್ಕೆ ಕಾರಣವೂ ಇತ್ತು. ಆಗ ಆಂಪ್ಲಿಫೈಯರ್ ಬಳಕೆಗೆ ಬಂದಿರಲಿಲ್ಲ. ತುತ್ತೂರಿ, ಸ್ಯಾಕ್ಸೋಫೋನ್, ಡ್ರಮ್ಮುಗಳ ಅಬ್ಬರದ ನಡುವೆ ಗಿಟಾರಿನ ಸದ್ದು ಸಭೆಯ ಕೊನೆಯ ಸಾಲಿಗೆ ಮುಟ್ಟಬೇಕಿತ್ತು.

ಇಂದಿಗೂ ಕೈಯಲ್ಲಿ ಕೆತ್ತಿದ ಆರ್ಚ್‌ಟಾಪ್‌ಗೆ ಹಲವು ಲಕ್ಷ ರೂಪಾಯಿ ಬೆಲೆ. ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿ ಉಬ್ಬಿಸಿದ ಲ್ಯಾಮಿನೇಟ್ ಗಿಟಾರ್ ಅದರ ಸಣ್ಣ ಪಾಲಿಗೆ ಸಿಗುತ್ತದೆ. ಹೀಗಾಗಿ ಕೆತ್ತಿದ್ದು ಅಸಲಿ, ಒತ್ತಿದ್ದು ಬಡವರ ಪಾಲಿನದು ಎಂಬ ಮಾತು ಗಿಟಾರ್ ವಲಯದಲ್ಲಿ ಗಟ್ಟಿಯಾಗಿ ಕೂತಿದೆ. ಈ ಮಾತು ತಪ್ಪು. ಸಖರಾಯಪಟ್ಟಣದಂಥ ಊರಿನಲ್ಲಿ ಮನೆ ಮಾಡಿಕೊಂಡು, ಆಂಪ್ಲಿಫೈಯರ್ ಜೋಡಿಸಿ ಜಾಜ್ ನುಡಿಸಬೇಕೆನ್ನುವವರಿಗೆ ಚೆನ್ನಾಗಿ ಕಟ್ಟಿದ ಲ್ಯಾಮಿನೇಟ್ ವಾದ್ಯವೇ ಸರಿಯಾದ ಆಯ್ಕೆ.

ಮೊದಲು ಇತಿಹಾಸವನ್ನೇ ನೋಡೋಣ. 1936ರಲ್ಲಿ ಗಿಬ್ಸನ್ ಇಎಸ್-150 ಎಂಬ ವಿದ್ಯುತ್ ಗಿಟಾರ್ ತಂದಿತು. ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು ಬೆನ್ನಿ ಗುಡ್‌ಮನ್ ತಂಡದಲ್ಲಿ ನುಡಿಸಿದ ಮೇಲೆ, ಗಿಟಾರ್ ಸಾಥ್ ಕೊಡುತ್ತ ಹಿಂದೆ ಕೂರುವ ವಾದ್ಯವಾಗಿ ಉಳಿಯಲಿಲ್ಲ. ಸದ್ದನ್ನು ದೊಡ್ಡದು ಮಾಡುವ ಕೆಲಸ ಹಲಗೆಯ ಕೈ ಬಿಟ್ಟು, ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗೂ ಆಂಪ್ಲಿಫೈಯರಿಗೂ ಹೋಯಿತು. ಜೊತೆಗೆ ಹೊಸ ತೊಡಕೊಂದು ಹುಟ್ಟಿತು. ಹಗುರವಾಗಿ ಕೆತ್ತಿದ ಹಲಗೆ ಸ್ಪೀಕರಿನ ಸದ್ದಿಗೂ ನಡುಗಿ ಊಳಿಡತೊಡಗಿತು. 1949ರಲ್ಲಿ ಬಂದ ಇಎಸ್-175 ಇದಕ್ಕೆ ಉತ್ತರ ಕೊಟ್ಟಿತು: ಅದರ ಮೇಲ್ಹಲಗೆ ಮೇಪಲ್ ಪದರಗಳದ್ದು, ಬಿಗಿಯಾದದ್ದು, ಸುಲಭಕ್ಕೆ ಊಳಿಡದ್ದು. ಜಿಮ್ ಹಾಲ್, ಜೋ ಪಾಸ್, ಪ್ಯಾಟ್ ಮೆಥೆನಿ ಮೂವರೂ ಇದನ್ನೇ ನುಡಿಸಿದರು. ಜಾಜ್ ಗಿಟಾರ್ ಎಂದೊಡನೆ ಕಿವಿಗೆ ನೆನಪಾಗುವ ಮಂದವಾದ, ದುಂಡಗಿನ ನಾದದ ಬಹುಪಾಲು ಹೊಮ್ಮಿದ್ದು ಹೀಗೆ ಒತ್ತಿದ ಪದರಗಳಿಂದ.

ಎರಡನೆಯ ಸಾಕ್ಷಿ ನಮ್ಮ ನೆಲದ್ದು. ಸಖರಾಯಪಟ್ಟಣ ಇರುವುದು ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಅಂಚಿನಲ್ಲಿ. ಒಂದು ಕಡೆ ಕಡೂರಿನ ತೆಂಗು, ರಾಗಿಯ ಒಣನೆಲ. ಇನ್ನೊಂದು ಕಡೆ ಬಾಬಾಬುಡನ್‌ಗಿರಿಯ ಮಳೆಮೋಡ. ಮಾರ್ಚಿನ ಗಾಳಿ ಮರದ ಪಸೆಯನ್ನೆಲ್ಲ ಹೀರಿದರೆ, ಜುಲೈಯ ಗಾಳಿ ಅದನ್ನು ಮತ್ತೆ ತುಂಬುತ್ತದೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗಿ ಕುಗ್ಗುವುದೇ ಹೆಚ್ಚು. ಅಖಂಡ ಸ್ಪ್ರೂಸ್ ಹಲಗೆ ಈ ಎಳೆದಾಟಕ್ಕೆ ಏಳುತ್ತದೆ, ಕುಸಿಯುತ್ತದೆ, ಕೊನೆಗೆ ಎಳೆಯ ಗುಂಟ ಬಿರಿಯಲೂಬಹುದು. ಲ್ಯಾಮಿನೇಟಿನಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡಲಾಗಿರುವುದರಿಂದ ಒಂದರ ಹಿಗ್ಗನ್ನು ಇನ್ನೊಂದು ತಡೆಯುತ್ತದೆ. ತಯಾರಕರು ಹೇಳುವ ಶೇ. 45ರಿಂದ 55ರ ತೇವಾಂಶವನ್ನು ಹಂಚಿನ ಮನೆಯಲ್ಲಿ ವರ್ಷವಿಡೀ ಕಾಯುವುದು ಆಗದ ಮಾತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯನ್ನು ಗೌರವಿಸುವ ನಾಡು ನಮ್ಮದು. ಅಖಂಡ ಮರ ವರ್ಷ ಕಳೆದಂತೆ ನಾದ ತುಂಬಿಕೊಳ್ಳುತ್ತದೆ, ಪದರದ ಮರಕ್ಕೆ ಆ ಭಾಗ್ಯವಿಲ್ಲ ಎಂದು ವಾದಿಸುವವರನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೈಕ್ ಇಲ್ಲದೆ ಕೋಣೆಯಲ್ಲಿ ಕೂತು ನುಡಿಸುವವರಿಗೆ ಕೆತ್ತಿದ ಹಲಗೆಯ ಉಸಿರು ಬೇಕೇ ಬೇಕು. ವಿಶ್ವಮೋಹನ ಭಟ್ಟರು ಮೋಹನ ವೀಣೆಯನ್ನು ರೂಪಿಸಿಕೊಂಡದ್ದು ಆರ್ಚ್‌ಟಾಪ್ ಗಿಟಾರಿನಿಂದಲೇ. ಅನುರಣನದ ತರಬ್ ತಂತಿಗಳುಳ್ಳ ಅಂಥ ವಾದ್ಯದಲ್ಲಿ ಹಲಗೆಯೇ ಹಾಡಬೇಕು. ಆದರೆ ಪಿಕಪ್, ಚಪ್ಪಟೆ ಸುತ್ತಿನ ದಪ್ಪ ತಂತಿ, ಆಂಪ್ಲಿಫೈಯರ್ ಇವುಗಳನ್ನು ದಾಟಿ ಬರುವ ನಾದದಲ್ಲಿ ಹಲಗೆಯ ಪಾಲು ಕಿರಿದು. ಬೀಜಿಂಗಿನಲ್ಲಿ ಪಿಟೀಲು ಮಾಡುತ್ತಿದ್ದ ಈಸ್ಟ್‌ಮನ್ ಕಂಪನಿ ಈಗ ಕೆತ್ತಿದ ಆರ್ಚ್‌ಟಾಪ್‌ಗಳನ್ನು ಅಮೆರಿಕದ ಬೆಲೆಗಿಂತ ಕಡಿಮೆಗೆ ಕೊಡುತ್ತದೆ ನಿಜ. ಕೊಳ್ಳುವ ಖರ್ಚು ತಗ್ಗಿತೇ ಹೊರತು ಕಾಪಾಡುವ ಹೊಣೆ ತಗ್ಗಲಿಲ್ಲ.

ಹಾಗಾದರೆ ಗುಣವನ್ನು ಎಲ್ಲಿ ಹುಡುಕಬೇಕು? ಎಫ್ ಸೀಳಿನ ಅಂಚಿನಲ್ಲಿ ಕಣ್ಣಿಟ್ಟು ನೋಡಿ: ಪದರಗಳ ಗೆರೆ ಕಂಡರೆ ಲ್ಯಾಮಿನೇಟ್, ಮೇಲಿನ ಎಳೆಯೇ ಅಂಚಿನಲ್ಲೂ ಇಳಿದಿದ್ದರೆ ಅಖಂಡ. ಕೆತ್ತಿದ್ದೆಂದು ಹೇಳಿ ಮಾರುವ ಮಾತನ್ನು ಇಲ್ಲಿ ತಾಳೆ ನೋಡಬಹುದು. ಆಮೇಲೆ ಕತ್ತನ್ನು ತಲೆಯ ಕಡೆಯಿಂದ ನೇರಕ್ಕೆ ನೋಡಿ, ತಿರುಚಿದ್ದರೆ ಬಿಟ್ಟುಬಿಡಿ. ಕುದುರೆಯನ್ನು ಪೂರ್ತಿ ಇಳಿಸಿದ ಮೇಲೂ ತಂತಿ ಎತ್ತರದಲ್ಲೇ ನಿಂತರೆ ಕತ್ತಿನ ಕೋನ ಕೆಟ್ಟಿದೆ ಎಂದರ್ಥ. ಅದನ್ನು ಸರಿಪಡಿಸುವ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಕುದುರೆಯ ಪಾದ ಉಬ್ಬಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಹಳೆಯ ವಾದ್ಯವಾದರೆ ಕುದುರೆಯ ಕೆಳಗೆ ಹಲಗೆ ಕುಸಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಬೆರಳ ಹಲಗೆ ಬೀಟೆಯದಲ್ಲ ಎಂದು ಯಾರಾದರೂ ಬೆಲೆ ಇಳಿಸಲು ಹೊರಟರೆ ಅದಕ್ಕೆ ಸೊಪ್ಪು ಹಾಕಬೇಕಿಲ್ಲ. ಲಕ್ಕವಳ್ಳಿಯಾಚೆಯ ಭದ್ರಾ ಕಾಡುಗಳಲ್ಲಿ ಬೆಳೆಯುವ ಬೀಟೆಯ ಕುಲವನ್ನೆಲ್ಲ 2017ರ ಜನವರಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಡಿಸಲಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಆ ನಡುವೆ ಹಲವು ತಯಾರಕರು ಬೇರೆ ಮರಗಳಿಗೆ ಹೊರಳಿದರು, ಅವುಗಳಲ್ಲೂ ಒಳ್ಳೆಯ ವಾದ್ಯಗಳು ಬಂದಿವೆ. ಲ್ಯಾಮಿನೇಟ್ ಕೊಂಡು ಉಳಿದ ಹಣದಲ್ಲಿ ಮೊದಲು ಫ್ರೆಟ್, ಕುದುರೆ, ನಟ್ ಸರಿಮಾಡಬಲ್ಲ ಕುಶಲಕರ್ಮಿಗೆ ಕೊಡಿ, ನಂತರ ಒಳ್ಳೆಯ ಆಂಪ್ಲಿಫೈಯರ್ ತನ್ನಿ. ಪೆಟ್ಟಿಗೆಯೊಳಗೆ ಒಂದು ತೇವಾಂಶ ಮಾಪಕವನ್ನೂ ಇಡಿ. ಶ್ರಾವಣದಲ್ಲಿ ಅದನ್ನು ನೋಡುವುದನ್ನು ಮರೆಯಬೇಡಿ.