ಸುಗ್ಗಿಯಲ್ಲಿಯೇ ವರ್ಷದ ಗ್ರಾಸವನ್ನು ಕಾದಿರಿಸುವುದು

ಸವದತ್ತಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಮಾಘ-ಫಾಲ್ಗುಣಗಳಲ್ಲಿ ಕಣಕ್ಕೆ ಬರುತ್ತವೆ. ಆಗ ಪೇಟೆಯಲ್ಲಿ ಮಾಲು ತುಂಬಿ ಧಾರಣೆಯು ಸಾಮಾನ್ಯವಾಗಿ ಇಳಿದಿರುತ್ತದೆ. ಸಾಲದ ಒತ್ತಾಯಕ್ಕೆ ಎಲ್ಲವನ್ನೂ ಕಣದಲ್ಲಿಯೇ ಮಾರಿದ ಒಕ್ಕಲಿಗನು, ತಾನು ಬೆಳೆದ ಕಾಳನ್ನೇ ಶ್ರಾವಣದಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಗುತ್ತದೆ. 2023ರಂತೆ ಮಳೆ ತಪ್ಪಿದ ವರ್ಷದಲ್ಲಿ ಈ ನಷ್ಟವು ಇನ್ನೂ ಹೆಚ್ಚುವುದು.

ಆದುದರಿಂದ ಮಾರುವ ಮೊದಲೇ ಮನೆಯ ಗ್ರಾಸವನ್ನು ಲೆಕ್ಕ ಹಾಕಿ ತೆಗೆದಿಡತಕ್ಕದ್ದು. ಆಳೊಂದಕ್ಕೆ ದಿನಕ್ಕೆ 400 ಗ್ರಾಂ ಜೋಳವೆಂದು ಹಿಡಿದರೆ ವರ್ಷಕ್ಕೆ 146 ಕಿಲೋ. ಐವರ ಮನೆಗೆ 730 ಕಿಲೋ ಆಗುವುದು.

ಕಾಳನ್ನು ಹಲ್ಲಿಗೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಬಿಸಿ ಆರಿದ ಮೇಲೆ ತುಂಬಬೇಕು. ಹಸಿ ಉಳಿದರೆ ಬೂಷ್ಟೂ ನುಸಿಯೂ ಹತ್ತುತ್ತವೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇರಿಸಬೇಕು. ಇಡಿಗಡಲೆಗಿಂತ ಬೇಳೆಗೆ ಹುಳುಬಾಧೆ ಕಡಿಮೆ; ಅಡಿಗೆಯ ಪಾಲನ್ನು ಬೇಗನೆ ಒಡೆಯಿಸಿಡುವುದು ಲೇಸು. ಹಗೇವನ್ನು ಬಳಸುವವರು ಬಾಯಿ ತೆರೆದ ಕೂಡಲೇ ಒಳಗಿಳಿಯಬಾರದು. ಅಲ್ಲಿಯ ಕೆಟ್ಟ ಗಾಳಿಯು ಪ್ರಾಣಕ್ಕೆ ಅಪಾಯಕರವು.

ಸಾಲಕ್ಕಾಗಿ ಮಾರುವವನಿಗೆ ಸಹಕಾರವೇ ಆಸರೆ. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವು ಸ್ಥಾಪಿತವಾಯಿತು. ಗ್ರಾಮದ ಹಿರಿಯರು ಇಂಥ ಸಂಘದ ಮೂಲಕ ಬಡ ಒಕ್ಕಲಿಗರಿಗೆ ಸುಗ್ಗಿಯ ವೇಳೆಗೆ ಸಾಲ ದೊರಕಿಸಿಕೊಟ್ಟರೆ, ಅವರ ಕಾಳು ಅವರ ಮನೆಯಲ್ಲಿಯೇ ಉಳಿಯುವುದು.