ಹಳೆಯ ಪದ್ಮಿನಿಗೆ ಹೊಸ ತಂಪು

ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಯನ್ನು ಕಾಣದ ಮುಂಬಯಿವಾಸಿ ಮೊನ್ನೆಮೊನ್ನೆಯವರೆಗೆ ಇರಲಿಲ್ಲ. 1964ರಲ್ಲಿ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿಂದ ಫಿಯಾಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಹೊರಬಂದ ಕಾರೇ 1974ರಲ್ಲಿ ಪದ್ಮಿನಿ ಎನಿಸಿಕೊಂಡಿತು. 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿ ನಮ್ಮ ರಸ್ತೆಗಳಲ್ಲಿ ಇಲ್ಲ. ಆದರೂ ಅಜ್ಜನ ಕಾರೆಂಬ ಅಭಿಮಾನದಿಂದ ಅದನ್ನು ಉಳಿಸಿಕೊಂಡ ಮನೆಗಳುಂಟು. ಮೇ ತಿಂಗಳ ಸೆಖೆಯಲ್ಲಿ ಅದರೊಳಗೆ ಒಮ್ಮೆ ಕುಳಿತು ಬಂದವರು ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಎ.ಸಿ. ಕೂಡಿಸಬಹುದೇ?" ಕೂಡಿಸಬಹುದು. ಆದರೆ ವಿಚಾರವಿಲ್ಲದೆ ಕೂಡಿಸಿದರೆ ಎಂಜಿನ್ ಕುದಿದು, ಗ್ಯಾಸ್ಕೆಟ್ ಸುಟ್ಟು, ಸಿಲಿಂಡರಿನ ತಲೆ ಬಾಗಿಹೋಗುವುದು. ತಯಾರಿಕೆಯೇ ನಿಂತುಹೋದ ಕಾರಿಗೆ ಇದು ಮರಣಕ್ಕೆ ಸಮೀಪದ ಸಂಗತಿ. ಹೀಗೇಕಾಗುವುದೆಂಬುದನ್ನು ವಿವರಿಸುವುದೇ ನಮ್ಮ ಉದ್ದೇಶ.

ಮೊದಲು ತಿಳಿಯಬೇಕಾದುದು, ತಂಪೆಂಬ ವಸ್ತುವನ್ನು ಯಾವ ಯಂತ್ರವೂ ಹುಟ್ಟಿಸಲಾರದು ಎಂಬುದು. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುವುದಷ್ಟೇ ಅದರ ಕೆಲಸ. ಸೂಜಿ ಚುಚ್ಚುವ ಮುನ್ನ ದಾದಿ ತೋಳಿಗೆ ಹಚ್ಚುವ ಸ್ಪಿರಿಟ್ ಆರುವಾಗ ಚರ್ಮ ತಣ್ಣಗಾಗುವುದಲ್ಲವೇ? ದ್ರವವು ಆವಿಯಾಗುವಾಗ ಸುತ್ತಣ ಉಷ್ಣವನ್ನು ಹೀರಿಕೊಳ್ಳುತ್ತದೆ. ಕಾರಿನ ಎ.ಸಿ.ಯಲ್ಲಿ ಬಳಕೆಯಲ್ಲಿರುವ ಆರ್-134ಎ ಎಂಬ ಅನಿಲವು ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯತಕ್ಕದ್ದು. ಚಾಲಕನ ಮುಂದಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ಆವಿಯಾಗಿ ಒಳಗಿನ ಉಷ್ಣವನ್ನು ಹೀರುತ್ತದೆ. ಆ ಆವಿಯನ್ನು ಎಂಜಿನ್ನಿನ ಪಟ್ಟಿಯಿಂದ ತಿರುಗುವ ಕಂಪ್ರೆಸರ್ ಯಂತ್ರವು ವಾಯುಮಂಡಲದ ಸುಮಾರು 15 ಪಟ್ಟು ಒತ್ತಡಕ್ಕೆ ಅದುಮುತ್ತದೆ. ಅಷ್ಟು ಒತ್ತಡದಲ್ಲಿ ಅದು 55 ಡಿಗ್ರಿ ಉಷ್ಣತೆಯಲ್ಲಿಯೂ ಪುನಃ ದ್ರವವಾಗಬಲ್ಲುದು. ಆಗುವಾಗ, ಹೀರಿದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಈ ಬಿಟ್ಟುಕೊಡುವ ಸ್ಥಳವೇ ಕಂಡೆನ್ಸರ್. ಅದು ರೇಡಿಯೇಟರಿನಂತೆಯೇ ಕಾಣುವ, ಸಣ್ಣ ಕೊಳವೆಗಳ ಹಾಗೂ ತೆಳು ತಗಡುಗಳ ಚಪ್ಪಟೆ ಚೌಕಟ್ಟು.

ಇದನ್ನು ಇಡುವುದೆಲ್ಲಿ? ಕಾರಿನ ಮೂಗಿನಲ್ಲಿ, ರೇಡಿಯೇಟರಿನ ಮುಂದೆ. ತೊಡಕು ಹುಟ್ಟುವುದೂ ಇಲ್ಲಿಯೇ. ಹೊರಗಣ ಗಾಳಿ 34 ಡಿಗ್ರಿ, ರೇಡಿಯೇಟರಿನ ನೀರು 90 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂತರ 56. ನೀರಿನಿಂದ ಗಾಳಿಗೆ ಹೋಗುವ ಉಷ್ಣವು ಈ ಅಂತರವನ್ನೇ ಅವಲಂಬಿಸಿದೆ. ಈಗ ನಡುವೆ ಕಂಡೆನ್ಸರ್ ಬಂದು, ಅದನ್ನು ದಾಟಿದ ಗಾಳಿ 48 ಡಿಗ್ರಿಗೆ ಏರಿತೆನ್ನಿ. ಅಂತರ 42ಕ್ಕೆ ಇಳಿಯಿತು. ಅಂದರೆ ರೇಡಿಯೇಟರಿನ ಸಾಮರ್ಥ್ಯದಲ್ಲಿ ಕಾಲು ಭಾಗ ನಷ್ಟ! ಇಷ್ಟು ಸಾಲದೆಂಬಂತೆ, ಸುಮಾರು 40 ಅಶ್ವಶಕ್ತಿಯ, 1089 ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನ್ನು ಕಂಪ್ರೆಸರಿನ ಹೊರೆಯನ್ನೂ ಎಳೆಯಬೇಕಾಗಿ, ತಾನೇ ಹೆಚ್ಚು ಬಿಸಿಯಾಗುತ್ತದೆ.

ಹಾಗಾದರೆ ಕಂಡೆನ್ಸರನ್ನು ಹಿಂದೆ ಇಡಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳದಿರಲಾರನು. ರೇಡಿಯೇಟರನ್ನು ದಾಟಿದ ಗಾಳಿ 70 ಡಿಗ್ರಿಯಷ್ಟಿದ್ದರೆ, 55 ಡಿಗ್ರಿಯ ಅನಿಲವು ಅದಕ್ಕೆ ಉಷ್ಣವನ್ನು ಕೊಡುವುದೆಂತು? ಉಷ್ಣವು ತಾನಾಗಿ ಹರಿಯುವುದು ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಯ ಕಡೆಗೆ ಮಾತ್ರ. ಆದುದರಿಂದ ಮುಂದೆಯೇ ಇಡಬೇಕು. ರೇಡಿಯೇಟರಿಗೆ ಆದ ನಷ್ಟವನ್ನು ಬೇರೆ ವಿಧದಿಂದ ತುಂಬಬೇಕು.

ಕಾರು ಓಡುತ್ತಿರುವಾಗ ಗಾಳಿ ತಾನಾಗಿ ನುಗ್ಗುವುದರಿಂದ ಭಯ ಕಡಿಮೆ. ನಮ್ಮ ಪರೇಲಿನಲ್ಲಿ ಓಡುವ ಹೊತ್ತೆಷ್ಟು, ನಿಲ್ಲುವ ಹೊತ್ತೆಷ್ಟು ಎಂಬುದನ್ನು ನಿಮಗೆ ಹೇಳಬೇಕಾದುದಿಲ್ಲ. ಹಿಂದ್‌ಮಾತಾ ಚೌಕದಲ್ಲಿ ನಿಂತ ಪದ್ಮಿನಿಯ ಪಟ್ಟಿ-ಫ್ಯಾನು ಎಂಜಿನ್ನಿನೊಡನೆ ಮೆಲ್ಲಗೆ ತಿರುಗುತ್ತಿರುತ್ತದೆ. ಬಾನೆಟ್ಟಿನೊಳಗಣ ಕಾದ ಗಾಳಿ ಚೌಕಟ್ಟಿನ ಅಂಚುಗಳಿಂದ ನುಸುಳಿ ಪುನಃ ಮುಂದಕ್ಕೆ ಬಂದು ಅದೇ ಕಂಡೆನ್ಸರನ್ನು ಹೊಗುತ್ತದೆ. ಬಲ್ಲ ಮಿಸ್ತ್ರಿಗಳು ಅಂಚುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ ಈ ಕಳ್ಳದಾರಿಯನ್ನು ಮುಚ್ಚುತ್ತಾರೆ. ಫ್ಯಾನಿನ ಸುತ್ತ ತಗಡಿನ ಕವಚ ಹಾಕಿ, ಅದು ರೇಡಿಯೇಟರಿನ ಇಡೀ ಮೈಯಿಂದ ಗಾಳಿ ಎಳೆಯುವಂತೆ ಮಾಡುತ್ತಾರೆ. ಕಂಡೆನ್ಸರಿನ ಮುಂದೆ ಬೇರೊಂದು ವಿದ್ಯುತ್ ಫ್ಯಾನನ್ನು ಕೂಡಿಸುತ್ತಾರೆ. ಅವರ ಪರೀಕ್ಷೆ ಬಲು ಸರಳ: ನಿಂತ ಕಾರಿನ ಕಂಡೆನ್ಸರಿಗೆ ಒಂದು ಹಾಳೆಯನ್ನು ಹಿಡಿದು ಕೈಬಿಡುವುದು. ಹಾಳೆ ಅಂಟಿಕೊಂಡು ನಿಂತರೆ ಗಾಳಿ ಸರಿಯಾಗಿ ಹೋಗುತ್ತಿದೆ. ಬಿದ್ದರೆ ಕೆಲಸ ಬಾಕಿಯಿದೆ.

ರೇಡಿಯೇಟರಿನಲ್ಲಿ ಮೇಲಿನ ಹಾಗೂ ಕೆಳಗಿನ ತೊಟ್ಟಿಗಳನ್ನು ಉಳಿಸಿಕೊಂಡು, ನಡುವಣ ಕೊಳವೆಗಳ ಭಾಗವನ್ನು ಮಾತ್ರ ಇನ್ನೊಂದು ಸಾಲು ಹೆಚ್ಚಿಸಿ ಬೆಸೆಯುವುದು ರೂಢಿ. ದಪ್ಪವಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಗಾಳಿ ತೂರಲಾರದ ದಪ್ಪದಿಂದ ಪ್ರಯೋಜನವಿಲ್ಲ. ಮುಚ್ಚಳದ ಒತ್ತಡವೂ ಮುಖ್ಯ. ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಹೆಚ್ಚುವರಿ ಒತ್ತಡವಿದ್ದರೆ ನೀರು 100ಕ್ಕೆ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದು. ಆದರೆ ಹಳೆಯ ಹಿತ್ತಾಳೆಯ ಬೆಸುಗೆಗಳು ಅಷ್ಟನ್ನು ತಾಳಬೇಕಲ್ಲ! ಬಿಸಿ ಎಂಜಿನ್ನಿನ ಈ ಮುಚ್ಚಳವನ್ನು ಎಂದೂ ತೆಗೆಯಕೂಡದು. ಒತ್ತಡ ತಪ್ಪಿದೊಡನೆ ನೀರು ಉಕ್ಕಿ ಮುಖವನ್ನು ಸುಡುತ್ತದೆ.

ಹಳೆಯ ಡೈನಮೋ ಎಂಜಿನ್ನು ಮೆಲ್ಲಗೆ ತಿರುಗುವಾಗ ಹೆಚ್ಚು ವಿದ್ಯುತ್ತನ್ನು ಕೊಡದಾದ್ದರಿಂದ, ಹೊಸ ಫ್ಯಾನಿಗಾಗಿ ಆಲ್ಟರ್ನೇಟರ್ ಕೂಡಿಸಬೇಕಾಗುವುದೂ ಉಂಟು. ಹಿಂದೆ ಬಳಕೆಯಲ್ಲಿದ್ದ ಆರ್-12 ಅನಿಲವನ್ನು, ಅದು ಓಜೋನ್ ಪದರವನ್ನು ಕೆಡಿಸುವ ಕಾರಣ, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಕೈಬಿಡಲಾಗಿದೆ. ಈಗಿನ ಅನಿಲಕ್ಕೆ ಬಿಸಿಲಿನಲ್ಲಿ ಒತ್ತಡ ತುಸು ಹೆಚ್ಚು ಬೇಕಾಗುವುದರಿಂದ ಕಂಡೆನ್ಸರ್ ಆದಷ್ಟು ದೊಡ್ಡದಿರಬೇಕು. ಆದರೆ ಅದಕ್ಕೆ ಸ್ಥಳಮಾಡಲು ಕಾರಿನ ಮೂಲ ತಗಡನ್ನು ಕತ್ತರಿಸುವವರನ್ನು ನಾವು ಮೆಚ್ಚಲಾರೆವು. ಇದ್ದ ಬೋಲ್ಟಿನ ರಂಧ್ರಗಳಿಗೇ ಪಟ್ಟಿಗಳನ್ನು ಬಿಗಿದರೆ, ಬೇಡವೆನಿಸಿದಾಗ ಎಲ್ಲವನ್ನೂ ಬಿಚ್ಚಿ ಕಾರನ್ನು ಮೊದಲಿನಂತೆ ಮಾಡಬಹುದು.

ಎ.ಸಿ. ಕೂಡಿಸಿದ ಕಾರಿನಡಿ ನೀರು ತೊಟ್ಟಿಕ್ಕಿದರೆ ಹೊಸಬರು ಗಾಬರಿಯಾಗುತ್ತಾರೆ. ಬೆರಳಿಗೆ ತಾಗಿಸಿ ನೋಡಿದರೆ ಸಾಕು. ಬಣ್ಣವಿಲ್ಲದೆ ತಣ್ಣಗಿದ್ದರೆ ಅದು ಕೂಲಿಂಗ್ ಕಾಯಿಲಿನ ಮೇಲೆ ಹನಿಗಟ್ಟಿದ ಮುಂಬಯಿಯ ಗಾಳಿಯ ತೇವ. ತುಕ್ಕಿನ ಬಣ್ಣದ್ದೋ ಹಸಿರೋ ಆಗಿದ್ದರೆ ಅದು ರೇಡಿಯೇಟರಿನದು. ಕಾರನ್ನು ಅಲ್ಲಿಯೇ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯತಕ್ಕದ್ದು.